ಪರದೇಶದಲ್ಲಿ ಜ್ವರ: ಬ್ರಿಟನ್ನಿಗೆ ಓದಲು ಬಂದವರು ಮತ್ತು ಎನ್‌ಎಚ್‌ಎಸ್‌ನ ಕಥೆ

ಪ್ರತಿ ವರ್ಷ ಆಗಸ್ಟ್ ಬಂತು ಅಂದ್ರೆ ನನ್ನ ವಾಟ್ಸಾಪಿಗೆ ಸುಗ್ಗಿ. ಊರಿನ ಕಡೆಯ ಹುಡುಗ ಹುಡುಗಿಯರು, ಕಾಲೇಜಿನ ಜೂನಿಯರ್‌ಗಳು, ಅವರ ಅಪ್ಪ ಅಮ್ಮಂದಿರು, ಎಲ್ಲರದ್ದೂ ಪ್ರಶ್ನೆಗಳೇ ಪ್ರಶ್ನೆಗಳು. ಕುಕ್ಕರ್ ತರಬಹುದಾ? ಉಪ್ಪಿನಕಾಯಿ ಬಿಡ್ತಾರಾ? ಅಲ್ಲಿ ಸೋನಾ ಮಸೂರಿ ಸಿಗುತ್ತಾ? ಇವುಗಳ ಜೊತೆಗೆ ತಪ್ಪದೆ ಬರೋ ಪ್ರಶ್ನೆ ಇನ್ನೊಂದು: "ಅಲ್ಲಿ ಜ್ವರ ಗಿರ ಬಂದ್ರೆ ಏನ್ ಮಾಡೋದು? ಡಾಕ್ಟ್ರು ತುಂಬಾ ದುಬಾರಿ ಅಂತಾರಲ್ಲ?"

"ದುಬಾರಿ ಹೌದು, ಆದ್ರೆ ಆ ದುಡ್ಡು ನೀವು ಆಗ್ಲೇ ಕೊಟ್ಟಾಗಿದೆ" ಅಂತೀನಿ ನಾನು. ಅರ್ಧ ಜನಕ್ಕೆ ಅರ್ಥ ಆಗೋದಿಲ್ಲ. ವೀಸಾ ಅರ್ಜಿ ತುಂಬುವಾಗ ಕೊನೆಗೆ ಒಂದು ದೊಡ್ಡ ಮೊತ್ತ ಕಾರ್ಡಿನಿಂದ ಹೋಗುತ್ತಲ್ಲ, ಇಮಿಗ್ರೇಷನ್ ಹೆಲ್ತ್ ಸರ್‌ಚಾರ್ಜ್ ಅಂತ, ಅದು ವೀಸಾ ಫೀಸಿನ ಒಂದು ಭಾಗ ಅಂತಲೇ ಬಹಳ ಜನ ತಿಳ್ಕೊಂಡಿರ್ತಾರೆ. ಅದು ಆಸ್ಪತ್ರೆಯ ದುಡ್ಡು. ವಿಮಾನ ಹತ್ತೋಕೆ ಮುಂಚೆಯೇ, ಒಂದು ಸೀನು ಕೂಡ ಸೀನೋಕೆ ಮುಂಚೆಯೇ ಕಟ್ಟಿಸಿಕೊಳ್ಳೋ ದುಡ್ಡು.

ಈ ದುಡ್ಡು ಎಲ್ಲಿಂದ ಬಂತು, ಯಾಕೆ ಬಂತು ಅಂತ ಹುಡುಕ್ತಾ ಹೋದ್ರೆ ಒಳ್ಳೇ ಚರಿತ್ರೆಯೇ ಸಿಗುತ್ತೆ. ಅದರಲ್ಲಿ ಗಣಿ ಕಾರ್ಮಿಕರಿದ್ದಾರೆ, ರಾಮಾನುಜನ್ ಇದ್ದಾರೆ, ಸ್ಕಾಲರ್‌ಶಿಪ್ಪಿಗಾಗಿ ಕೋರ್ಟಿಗೆ ಹೋದ ವಿದ್ಯಾರ್ಥಿಗಳಿದ್ದಾರೆ, ಕೊನೆಗೆ ನಮ್ಮ ಕರ್ನಾಟಕದ ಅಳಿಯ ಕೂಡ ಬಂದು ಹೋಗ್ತಾರೆ! ಸ್ವಲ್ಪ ಉದ್ದದ ಕಥೆ, ಕಾಫಿ ಮಾಡ್ಕೊಂಡು ಬಂದು ಕೂತ್ಕೊಳ್ಳಿ.

1729ರ ಕಥೆಯಲ್ಲಿ ಮರೆತುಹೋದ ಹಾಸಿಗೆ

ಮೊದಲು, ಯಾವ ವ್ಯವಸ್ಥೆಯೂ ಇಲ್ಲದ ಕಾಲ ಹೇಗಿತ್ತು ಅಂತ ನೋಡೋಣ. ಅದಕ್ಕೆ ಶ್ರೀನಿವಾಸ ರಾಮಾನುಜನ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. 1914ರಲ್ಲಿ ಅವರು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಬಂದರು. ಮದ್ರಾಸ್ ವಿಶ್ವವಿದ್ಯಾಲಯದಿಂದ ವರ್ಷಕ್ಕೆ 250 ಪೌಂಡ್ ವಿದ್ಯಾರ್ಥಿವೇತನ, ಟ್ರಿನಿಟಿಯಿಂದ 60 ಪೌಂಡ್. ಅಪ್ಪಟ ಸಸ್ಯಾಹಾರಿ, ಅಡುಗೆ ತಾವೇ ಮಾಡ್ಕೊಳ್ಳೋರು. ಬಂದ ಕೆಲವೇ ತಿಂಗಳಲ್ಲಿ ಮೊದಲ ಮಹಾಯುದ್ಧ ಶುರುವಾಗಿ ತರಕಾರಿಗೂ ತತ್ವಾರ. ಚಳಿಗೆ ಹಾಸಿಗೆಯ ಮೇಲಿನ ಕಂಬಳಿಗಳ ಒಳಗೆ ಸೇರ್ಕೊಂಡು ಮಲಗಬೇಕು ಅನ್ನೋದೂ ಗೊತ್ತಿಲ್ಲದೆ, ಕಂಬಳಿಗಳ ಮೇಲೆ ಕೋಟು ಶಾಲು ಹೊದ್ದು ಮಲಗ್ತಿದ್ದರಂತೆ. ಆಗ ಅಲ್ಲೇ ಓದ್ತಿದ್ದ ಪ್ರಶಾಂತಚಂದ್ರ ಮಹಾಲನೋಬಿಸ್ (ಹೌದು, ಮುಂದೆ ನಮ್ಮ ಪಂಚವಾರ್ಷಿಕ ಯೋಜನೆಯ ಸಂಖ್ಯಾಶಾಸ್ತ್ರಜ್ಞರಾದವರೇ) ಕಂಬಳಿ ಬಿಡಿಸಿ ತೋರಿಸಿಕೊಟ್ಟರಂತೆ.

1917ರ ಹೊತ್ತಿಗೆ ರಾಮಾನುಜನ್ ಹಾಸಿಗೆ ಹಿಡಿದರು. ಮೊದಲು ಕೇಂಬ್ರಿಜ್‌ನ ನರ್ಸಿಂಗ್ ಹೋಂ, ಆಮೇಲೆ ಮೆಂಡಿಪ್ ಬೆಟ್ಟಗಳ ಕ್ಷಯರೋಗ ಚಿಕಿತ್ಸಾಲಯ, ಆಮೇಲೆ ಡಾರ್ಬಿಶೈರ್‌ನ ಮ್ಯಾಟ್‌ಲಾಕ್, ಆಮೇಲೆ ಲಂಡನ್, ಪುಟ್ನಿ... ಮೆಂಡಿಪ್‌ನಲ್ಲಿ ಅವರನ್ನು ನೋಡಿಕೊಂಡ ವೈದ್ಯ ಚೌರಿ ಮುತ್ತು ಭಾರತದವರೇ. ಮದ್ರಾಸಿನಿಂದ ಬರುವಾಗ ಇಬ್ಬರೂ ಒಂದೇ ಹಡಗಿನಲ್ಲಿದ್ದರು. ಟ್ಯಾಕ್ಸಿ ನಂಬರ್ 1729ರ ಕಥೆ ನಿಮಗೆಲ್ಲಾ ಗೊತ್ತಿರುತ್ತೆ. ಎರಡು ರೀತಿಯಲ್ಲಿ ಎರಡು ಘನಗಳ ಮೊತ್ತವಾಗಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅಂತ ಎಲ್ಲರೂ ಹೇಳ್ತಾರೆ. ಆದ್ರೆ ಪ್ರೊಫೆಸರ್ ಹಾರ್ಡಿ ಆ ಟ್ಯಾಕ್ಸಿ ಹತ್ತಿದ್ದು ಪುಟ್ನಿಯಲ್ಲಿ ರೋಗಿಯಾಗಿ ಮಲಗಿದ್ದ ರಾಮಾನುಜನ್‌ರನ್ನು ನೋಡೋಕೆ. ಸಂಖ್ಯೆ ನೆನಪಿದೆ, ಹಾಸಿಗೆ ಮರೆತುಹೋಗಿದೆ.

ವೈದ್ಯರು ಹೊಟ್ಟೆ ಹುಣ್ಣು ಅಂದರು, ಕ್ಷಯ ಅಂದರು. 1919ರಲ್ಲಿ ಅವರು ಊರಿಗೆ ವಾಪಸ್ ಬಂದು 1920ರ ಏಪ್ರಿಲ್ 26ರಂದು 32ನೇ ವಯಸ್ಸಿಗೆ ತೀರಿಕೊಂಡರು. 1994ರಲ್ಲಿ ಡಿ. ಎ. ಬಿ. ಯಂಗ್ ಎಂಬವರು ಹಳೆಯ ದಾಖಲೆಗಳನ್ನೆಲ್ಲಾ ಪರಿಶೀಲಿಸಿ, ಅದು ಕ್ಷಯವೇ ಆಗಿರಲಿಲ್ಲ, ಹಿಂದೆ ಊರಲ್ಲಿ ಆಗಿದ್ದ ಆಮಶಂಕೆಯಿಂದ ಉಳಿದುಕೊಂಡ ಯಕೃತ್ತಿನ ಅಮೀಬಾ ಸೋಂಕು ಇದ್ದಿರಬೇಕು, ಆ ಕಾಲಕ್ಕೂ ಅದಕ್ಕೆ ಚಿಕಿತ್ಸೆ ಇತ್ತು ಅಂತ ವಾದಿಸಿದರು. ಖಚಿತವಾಗಿ ಹೇಳೋಕೆ ಈಗ ಯಾರಿಂದಲೂ ಆಗಲ್ಲ. ಆದ್ರೆ ಒಂದಂತೂ ಕಾಣಿಸುತ್ತೆ. ಅಂಥಾ ಪ್ರತಿಭೆಗೆ, ಅಂಥಾ ಕಾಲೇಜು, ಹಾರ್ಡಿಯಂಥಾ ಗೆಳೆಯ ಇದ್ದೂ ವೈದ್ಯಕೀಯ ಅಂದ್ರೆ ಒಂದು ನರ್ಸಿಂಗ್ ಹೋಂನಿಂದ ಇನ್ನೊಂದಕ್ಕೆ ಅಲೆದಾಟವೇ ಆಗಿತ್ತು. ಯಾರ ಗುರುತೂ ಇಲ್ಲದ ಮಾಮೂಲಿ ವಿದ್ಯಾರ್ಥಿಯ ಗತಿ ಏನಿರಬಹುದು, ನೀವೇ ಊಹಿಸಿ.

ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ವಿಮೆ ಇರಲಿಲ್ಲ ಅಂತಲ್ಲ. 1911ರಲ್ಲಿ ಲಾಯ್ಡ್ ಜಾರ್ಜ್ ನ್ಯಾಷನಲ್ ಇನ್ಶೂರೆನ್ಸ್ ಕಾಯ್ದೆ ತಂದಿದ್ದರು. ಕೆಲಸಗಾರ ವಾರಕ್ಕೆ ನಾಲ್ಕು ಪೆನ್ನಿ, ಮಾಲೀಕ ಮೂರು, ಸರ್ಕಾರ ಎರಡು ಹಾಕೋದು. ಆದ್ರೆ ಅದು ದುಡಿಯುವವನಿಗೆ ಮಾತ್ರ. ಅವನ ಹೆಂಡತಿಗಿಲ್ಲ, ಮಕ್ಕಳಿಗಿಲ್ಲ, ಸಂಬಳ ಇಲ್ಲದ ವಿದ್ಯಾರ್ಥಿಗಂತೂ ಇಲ್ಲವೇ ಇಲ್ಲ. ಸ್ವದೇಶಿ ಆಗಲಿ ಪರದೇಶಿ ಆಗಲಿ, ಓದೋನು ಕಾಯಿಲೆ ಬಿದ್ದರೆ ಅಪ್ಪನ ಜೇಬೇ ಗತಿ. ಅಪ್ಪ ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿದ್ದರೆ?

ಗಣಿ ಊರಿನ ಚೀಟಿ ವ್ಯವಹಾರ

ಇನ್ನು ವೇಲ್ಸ್‌ಗೆ ಹೋಗೋಣ. ದಕ್ಷಿಣ ವೇಲ್ಸ್‌ನಲ್ಲಿ ಟ್ರೆಡಿಗರ್ ಅಂತ ಕಲ್ಲಿದ್ದಲು ಮತ್ತು ಉಕ್ಕಿನ ಊರು. 1890ರಲ್ಲಿ ಅಲ್ಲಿನ ಕಾರ್ಮಿಕರು ಸೇರಿಕೊಂಡು ಒಂದು ವೈದ್ಯಕೀಯ ನೆರವು ಸಂಘ ಮಾಡಿಕೊಂಡರು. ನಮ್ಮೂರಲ್ಲಿ ಚೀಟಿ ಹಾಕ್ತೀವಲ್ಲ, ಹೆಚ್ಚುಕಡಿಮೆ ಹಾಗೆ. ಪ್ರತಿಯೊಬ್ಬರ ಸಂಬಳದಲ್ಲಿ ಸ್ವಲ್ಪ ಭಾಗ ಸಂಘಕ್ಕೆ. ಬದಲಿಗೆ ಇಡೀ ಮನೆಯವರಿಗೆ ಡಾಕ್ಟರು, ಔಷಧಿ, ಆಸ್ಪತ್ರೆ. ಕಾಲಕ್ರಮೇಣ ಇಡೀ ಊರೇ ಹೆಚ್ಚುಕಡಿಮೆ ಅದರ ಸದಸ್ಯರಾಯ್ತು. 1920ರ ದಶಕದಲ್ಲಿ ಅಲ್ಲಿ ಕೆಲಸ ಮಾಡಿದ ಎ. ಜೆ. ಕ್ರೋನಿನ್ ಅನ್ನೋ ಡಾಕ್ಟರು ಆಮೇಲೆ 'ದಿ ಸಿಟಡೆಲ್' (1937) ಅನ್ನೋ ಪ್ರಸಿದ್ಧ ಕಾದಂಬರಿ ಬರೆದರು.

ಆ ಊರಿನ ಹುಡುಗನೇ ಅನ್ಯೂರಿನ್ ಬೆವನ್. 13ನೇ ವಯಸ್ಸಿಗೇ ಗಣಿಗೆ ಇಳಿದವನು, ಮುಂದೆ ಪಾರ್ಲಿಮೆಂಟ್ ಸದಸ್ಯನಾಗಿ, 1945ರಲ್ಲಿ ಲೇಬರ್ ಸರ್ಕಾರ ಬಂದಾಗ ಆರೋಗ್ಯ ಮಂತ್ರಿಯಾದ. ಟ್ರೆಡಿಗರ್‌ನಲ್ಲಿ ಆಗಿದ್ದು ಇಡೀ ದೇಶಕ್ಕೆ ಯಾಕೆ ಆಗಬಾರದು ಅನ್ನೋದು ಆತನ ಲೆಕ್ಕ. 1948ರ ಜುಲೈ 5ರಂದು ನ್ಯಾಷನಲ್ ಹೆಲ್ತ್ ಸರ್ವೀಸ್, ಅಂದ್ರೆ ಎನ್‌ಎಚ್‌ಎಸ್ ಶುರುವಾಯ್ತು. ಅವತ್ತು ಬೆವನ್ ಹೋಗಿದ್ದು ಮ್ಯಾಂಚೆಸ್ಟರ್ ಪಕ್ಕದ ಡೇವಿಹ್ಯೂಮ್‌ನಲ್ಲಿರೋ ಪಾರ್ಕ್ ಆಸ್ಪತ್ರೆಗೆ. 13 ವರ್ಷದ ಸಿಲ್ವಿಯಾ ಎಂಬ ಹುಡುಗಿ ಎನ್‌ಎಚ್‌ಎಸ್‌ನ ಮೊದಲ ರೋಗಿ ಅಂತ ಹೆಸರಾದಳು. ಆ ಆಸ್ಪತ್ರೆ ಈಗ ಟ್ರಾಫರ್ಡ್ ಜನರಲ್. ನಾನು ಓದಿದ್ದು, ಈಗ ಕೋಡ್ ಬರೀತಾ ಇರೋದು ಎರಡೂ ಇದೇ ಮ್ಯಾಂಚೆಸ್ಟರ್‌ನಲ್ಲಿ, ಹಾಗಾಗಿ ಆ ಕೆಂಪು ಇಟ್ಟಿಗೆಯ ಕಟ್ಟಡದ ಮೇಲೆ ನನಗೆ ಒಂದು ಥರಾ ಅಭಿಮಾನ.

ಹೊಸ ವ್ಯವಸ್ಥೆಯ ವಿಶೇಷ ಏನಪ್ಪಾ ಅಂದ್ರೆ, ವಿಮೆ ಕಟ್ಟಿದ್ದೀಯಾ ಅಂತ ಯಾರೂ ಕೇಳೋ ಹಾಗಿರಲಿಲ್ಲ. ದುಡ್ಡು ಬಹುಪಾಲು ತೆರಿಗೆಯಿಂದ, ಚಿಕಿತ್ಸೆ ಬೇಕಾದವರಿಗೆಲ್ಲ. ದೇಶದಲ್ಲಿ ಇದ್ದೀಯಾ, ಹುಷಾರಿಲ್ವಾ, ಬಾ ಒಳಗೆ. ಅಷ್ಟೇ. ಇದರಲ್ಲಿ ಹೊರದೇಶದಿಂದ ಬಂದವರೂ ಸೇರಿಕೊಂಡರು, ವಿದ್ಯಾರ್ಥಿಗಳೂ ಸೇರಿಕೊಂಡರು. ರಾಮಾನುಜನ್ ಹೋಗಿ 29 ವರ್ಷಕ್ಕೆ, ಭಾರತದಿಂದ ಬಂದ ಒಬ್ಬ ವಿದ್ಯಾರ್ಥಿ ಜ್ವರ ಬಂದಾಗ ಜೇಬು ಮುಟ್ಟಿ ನೋಡಿಕೊಳ್ಳದೆ ಡಾಕ್ಟರ ಹತ್ತಿರ ಹೋಗಬಹುದಾಯ್ತು.

ಪರದೇಶಿಗಳಿಗೆ ಯಾಕೆ ಪುಕ್ಕಟೆ?

ಗಲಾಟೆ ಶುರುವಾಗೋಕೆ ಒಂದು ವರ್ಷವೂ ಬೇಕಾಗಲಿಲ್ಲ. ಪರದೇಶಿಗಳು ಹಲ್ಲಿನ ಸೆಟ್ಟಿಗೆ, ಕನ್ನಡಕಕ್ಕೆ ಅಂತಲೇ ಹಡಗು ಹತ್ತಿ ಬರ್ತಿದ್ದಾರೆ ಅಂತ ಪತ್ರಿಕೆಗಳಲ್ಲಿ, ಪಾರ್ಲಿಮೆಂಟಿನಲ್ಲಿ ಗುಲ್ಲು. 1949ರಲ್ಲಿ ತಂದ ತಿದ್ದುಪಡಿ ಕಾಯ್ದೆಯಲ್ಲಿ, ಈ ದೇಶದಲ್ಲಿ ವಾಸ ಇಲ್ಲದವರಿಂದ ಶುಲ್ಕ ವಸೂಲಿ ಮಾಡೋ ಅಧಿಕಾರವನ್ನ ಸರ್ಕಾರ ಬರೆದುಕೊಂಡಿತು. ತಂದಿದ್ದು ಬೆವನ್ ಮಂತ್ರಿಯಾಗಿದ್ದಾಗಲೇ! ಆದ್ರೆ ಆ ಅಧಿಕಾರವನ್ನ ಬಳಸಲಿಲ್ಲ. ಕಾಯ್ದೆ ಪುಸ್ತಕದಲ್ಲಿ ಅದು ಮೂವತ್ತಕ್ಕೂ ಹೆಚ್ಚು ವರ್ಷ ಸುಮ್ಮನೆ ಮಲಗಿತ್ತು.

ಯಾಕೆ ಬಳಸಲಿಲ್ಲ ಅನ್ನೋದಕ್ಕೆ 1952ರಲ್ಲಿ ಬಂದ 'ಇನ್ ಪ್ಲೇಸ್ ಆಫ್ ಫಿಯರ್' ಅನ್ನೋ ಪುಸ್ತಕದಲ್ಲಿ ಬೆವನ್ ಕಾರಣ ಕೊಡ್ತಾರೆ. (ಅಷ್ಟು ಹೊತ್ತಿಗೆ ಅವರು ಮಂತ್ರಿ ಸ್ಥಾನ ಬಿಟ್ಟಾಗಿತ್ತು. 1951ರಲ್ಲಿ ಹಲ್ಲಿನ ಸೆಟ್ಟು ಮತ್ತು ಕನ್ನಡಕಕ್ಕೆ ಶುಲ್ಕ ಹಾಕಿದ್ದನ್ನ ವಿರೋಧಿಸಿ ರಾಜೀನಾಮೆ ಕೊಟ್ಟಿದ್ದರು.) ಅವರ ವಾದದ ತಿರುಳು ಇಷ್ಟು. ಒಂದು, ಪರದೇಶಿ ಯಾರು ಅಂತ ಕಂಡುಹಿಡಿಯೋದು ಹೇಗೆ? ಪರದೇಶಿಯನ್ನ ಹಿಡಿಯಬೇಕು ಅಂದ್ರೆ ಸ್ವದೇಶಿಯೂ ಗುರುತಿನ ಚೀಟಿ ತೋರಿಸಬೇಕಾಗುತ್ತೆ. ನಾಲ್ಕು ಜನರನ್ನ ತಡೆಯೋಕೆ ಹೋಗಿ ಎಲ್ಲರಿಗೂ ಕಿರಿಕಿರಿ. ಎರಡು, ಬಂದವನು ಇಲ್ಲಿ ತಿಂತಾನೆ, ಕುಡೀತಾನೆ, ಸಿಗರೇಟು ಸೇದ್ತಾನೆ, ಸಿನಿಮಾ ನೋಡ್ತಾನೆ. ಪ್ರತಿಯೊಂದರಲ್ಲೂ ತೆರಿಗೆ ಕೊಡ್ತಾನೆ. ಇಲ್ಲಿನವನೂ ಹಾಗೇ ತಾನೇ ಕೊಡೋದು? ಮೂರು, ನಾವು ಉದಾರವಾಗಿದ್ದರೆ ನಾಳೆ ಬೇರೆ ದೇಶಗಳೂ ನಮ್ಮವರ ಬಗ್ಗೆ ಹಾಗೇ ನಡ್ಕೋಬಹುದು.

ಈ ಮೊದಲನೇ ವಾದವನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಮಧ್ಯೆ ಇನ್ನೊಂದು ಸ್ವಾರಸ್ಯ ನಡೀತು. ಪರದೇಶಿ ರೋಗಿಗಳ ಬಗ್ಗೆ ಇಷ್ಟೆಲ್ಲಾ ಚರ್ಚೆ ಆಗ್ತಿದ್ದಾಗ, ಎನ್‌ಎಚ್‌ಎಸ್‌ಗೆ ಡಾಕ್ಟರುಗಳೇ ಸಾಲದಾದರು. 1950, 60ರ ದಶಕಗಳಲ್ಲಿ ಬ್ರಿಟಿಷ್ ಡಾಕ್ಟರುಗಳು ಕೆನಡಾ, ಆಸ್ಟ್ರೇಲಿಯಾ, ಅಮೆರಿಕಾ ಅಂತ ಹೊರಟರು. ಆ ಜಾಗ ತುಂಬಿದ್ದು ಭಾರತ ಉಪಖಂಡದ ಡಾಕ್ಟರುಗಳು. ನಮ್ಮ ವೈದ್ಯಕೀಯ ಡಿಗ್ರಿಗಳಿಗೆ 1975ರವರೆಗೆ ಇಲ್ಲಿ ನೇರ ಮಾನ್ಯತೆ ಇತ್ತು. 1924ರ ಮೈಸೂರು ಮೆಡಿಕಲ್ ಕಾಲೇಜು, 1953ರ ಮಣಿಪಾಲದ ಕೆಎಂಸಿಯಂಥಾ ಕಡೆ ಓದಿದವರೂ ಇಲ್ಲಿಗೆ ಬಂದರು. ಸ್ಥಳೀಯರಿಗೆ ಬೇಡವಾದ ಕೆಲಸಗಳು, ಅಂದ್ರೆ ವೃದ್ಧರ ವಾರ್ಡು, ಮಾನಸಿಕ ಆಸ್ಪತ್ರೆ, ಕೈಗಾರಿಕಾ ಊರುಗಳ ಬಡ ಬೀದಿಗಳ ಕ್ಲಿನಿಕ್ಕು, ಇವರ ಪಾಲಿಗೆ ಬಂದವು. ಬೆವನ್ ಹುಟ್ಟಿದ ವೇಲ್ಸ್‌ನ ಗಣಿ ಕಣಿವೆಗಳಲ್ಲೇ ಎಷ್ಟೋ ಊರುಗಳಿಗೆ ನಮ್ಮ ಕಡೆಯವರೇ ಡಾಕ್ಟರಾದರು. 1980ರ ದಶಕದ ಹೊತ್ತಿಗೆ ಇಲ್ಲಿನ ಜಿಪಿಗಳಲ್ಲಿ, ಅಂದ್ರೆ ಫ್ಯಾಮಿಲಿ ಡಾಕ್ಟರುಗಳಲ್ಲಿ, ಸುಮಾರು ಶೇ. 16ರಷ್ಟು ಮಂದಿ ಉಪಖಂಡದಲ್ಲಿ ಹುಟ್ಟಿದವರು ಅಂತ ಇತಿಹಾಸಕಾರ ಜೂಲಿಯನ್ ಸಿಂಪ್ಸನ್ ಬರೀತಾರೆ. ಪರದೇಶಿ ಡಾಕ್ಟರಾಗಿ ಬಂದರೆ ಸ್ವಾಗತ, ರೋಗಿಯಾಗಿ ಬಂದರೆ ಅನುಮಾನ!

"ಒಂದು ವರ್ಷದಿಂದ ಇಲ್ಲಿದ್ದೀರಾ?"

ಮಲಗಿದ್ದ ಕಾಯ್ದೆ ಎದ್ದಿದ್ದು 1982ರ ಅಕ್ಟೋಬರ್ 1ರಂದು. ಥ್ಯಾಚರ್ ಸರ್ಕಾರ, ಆರೋಗ್ಯ ಖಾತೆ ನಾರ್ಮನ್ ಫೌಲರ್ ಕೈಯಲ್ಲಿ. ಹೊರದೇಶದ ಸಂದರ್ಶಕರು ಆಸ್ಪತ್ರೆ ಚಿಕಿತ್ಸೆಗೆ ದುಡ್ಡು ಕೊಡಬೇಕು ಅಂತಾಯ್ತು. ಅಪಘಾತ, ತುರ್ತು ವಿಭಾಗಕ್ಕೆ ವಿನಾಯಿತಿ. ಒಂದು ವರ್ಷದಿಂದ ಇಲ್ಲೇ ಇದ್ದವರಿಗೂ ವಿನಾಯಿತಿ. ಕೇಳೋಕೆ ಸರಳ ಅನ್ಸುತ್ತೆ. ಆದ್ರೆ ಕೌಂಟರಿನಲ್ಲಿ ಕೂತ ಗುಮಾಸ್ತ ಯಾರನ್ನ ಕೇಳ್ತಾನೆ? ಬಿಳಿ ಮುಖದವರನ್ನ ಕೇಳಲ್ಲ, ಕಂದು ಬಣ್ಣದವರನ್ನ ಕೇಳ್ತಾನೆ ಅನ್ನೋದು ಇಲ್ಲಿನ ವಲಸಿಗರ ಆತಂಕ. ದಕ್ಷಿಣ ಆಫ್ರಿಕಾದ ಪಾಸ್ ಕಾನೂನನ್ನ ನೆನಪಿಸೋ ಹೆಸರಿಟ್ಟುಕೊಂಡೇ ಇದರ ವಿರುದ್ಧ ಒಂದು ಚಳವಳಿಯೂ ನಡೀತು.

ಈ ಕಥೆಯಲ್ಲಿ ವಿದ್ಯಾರ್ಥಿಗಳು ನೇರವಾಗಿ ಬರೋದು ಈಗಲೇ, ಅದೂ ಆಸ್ಪತ್ರೆಯ ಬಾಗಿಲಿನಿಂದ ಅಲ್ಲ. ಅದೇ ಹೊತ್ತಿಗೆ ಹೊರದೇಶದಿಂದ ಬಂದು ಓದ್ತಿದ್ದ ಕೆಲವು ವಿದ್ಯಾರ್ಥಿಗಳು ಸ್ಥಳೀಯ ಸಂಸ್ಥೆಗಳು ಕೊಡುವ ವಿದ್ಯಾರ್ಥಿವೇತನ ನಮಗೂ ಬರಬೇಕು ಅಂತ ಕೋರ್ಟಿಗೆ ಹೋಗಿದ್ದರು. ನಿಯಮದ ಪ್ರಕಾರ ವೇತನ ಸಿಗಬೇಕಾದರೆ ಮೂರು ವರ್ಷದಿಂದ ಈ ದೇಶದ 'ಸಾಮಾನ್ಯ ನಿವಾಸಿ' ಆಗಿರಬೇಕು. ಸಾಮಾನ್ಯ ನಿವಾಸಿ ಅಂದ್ರೆ ಯಾರು? ಓದೋಕೆ ಬಂದು ಆಮೇಲೆ ಊರಿಗೆ ಹೋಗೋನು ನಿವಾಸಿ ಹೇಗಾಗ್ತಾನೆ ಅಂತ ಲಂಡನ್ನಿನ ಬಾರ್ನೆಟ್ ಕೌನ್ಸಿಲ್‌ನ ವಾದ. ಶಾ ಅನ್ನೋ ವಿದ್ಯಾರ್ಥಿಯ ಹೆಸರಿನಲ್ಲೇ ಆ ಮೊಕದ್ದಮೆ ಪ್ರಸಿದ್ಧ.

1982ರ ಡಿಸೆಂಬರ್ 16ರಂದು ಹೌಸ್ ಆಫ್ ಲಾರ್ಡ್ಸ್‌ನ ತೀರ್ಪು ಬಂತು, ಬರೆದವರು ಲಾರ್ಡ್ ಸ್ಕಾರ್ಮನ್. ಅವರು ಹೇಳಿದ್ದು ಏನು ಅಂದ್ರೆ, ಒಬ್ಬ ಮನುಷ್ಯ ತನ್ನ ಇಷ್ಟದಿಂದ, ಕಾನೂನಿನ ಪ್ರಕಾರ ಬಂದು, ಒಂದು ಸ್ಥಿರವಾದ ಉದ್ದೇಶ ಇಟ್ಟುಕೊಂಡು, ಸದ್ಯದ ಮಟ್ಟಿಗೆ ತನ್ನ ದಿನನಿತ್ಯದ ಬದುಕನ್ನ ಇಲ್ಲಿ ನಡೆಸ್ತಿದ್ದರೆ ಅವನು ಇಲ್ಲಿನ ಸಾಮಾನ್ಯ ನಿವಾಸಿಯೇ. ಸ್ವಲ್ಪ ಕಾಲವೋ ಬಹಳ ಕಾಲವೋ, ಅದು ಮುಖ್ಯ ಅಲ್ಲ. ಓದು ಕೂಡ ಸ್ಥಿರವಾದ ಉದ್ದೇಶವೇ. ಮುಂದೆ ವಾಪಸ್ ಹೋಗೋ ಆಲೋಚನೆ ಇದ್ದರೂ ಪರವಾಗಿಲ್ಲ.

ನನಗಂತೂ ಈ ತೀರ್ಪಿನ ಸಾರ ಓದಿದಾಗ ಬಹಳ ಖುಷಿಯಾಯ್ತು. ಹಾಸ್ಟೆಲ್ ರೂಮಿನಲ್ಲಿ ಅನ್ನ ಸಾರು ಮಾಡ್ಕೊಂಡು, ಬಸ್ ಪಾಸ್ ಇಟ್ಕೊಂಡು, ಲೈಬ್ರರಿ ಸೀಟಿಗೆ ಕಿತ್ತಾಡ್ಕೊಂಡು ಇರೋ ಬದುಕು ಕೂಡ ಬದುಕೇ, ಅದು ಅತಿಥಿಯ ಭೇಟಿ ಅಲ್ಲ ಅಂತ ಒಬ್ಬ ನ್ಯಾಯಾಧೀಶರು ಬರೆದಿಟ್ಟಿದ್ದಾರೆ! ವಿದ್ಯಾರ್ಥಿವೇತನದ ನಿಯಮವನ್ನ ಸರ್ಕಾರ 1983ರಲ್ಲೇ ಬದಲಾಯಿಸಿ ಆ ಬಾಗಿಲು ಮುಚ್ಚಿತು. ಆದ್ರೆ ವ್ಯಾಖ್ಯಾನ ಉಳೀತು. ಆಸ್ಪತ್ರೆಗಳು ಯಾರಿಗೆ ಪುಕ್ಕಟೆ ಅಂತ ತೀರ್ಮಾನ ಮಾಡೋಕೂ ಇದೇ ಅಳತೆಗೋಲು ಆಯ್ತು. ಹಾಗಾಗಿ ಆರು ತಿಂಗಳಿಗಿಂತ ಹೆಚ್ಚಿನ ಕೋರ್ಸಿಗೆ ಬಂದ ವಿದ್ಯಾರ್ಥಿಗಳಿಗೆ ಸುಮಾರು ಮೂವತ್ತು ವರ್ಷ ಎನ್‌ಎಚ್‌ಎಸ್ ಬಾಗಿಲು ತೆರೆದೇ ಇತ್ತು.

ಮುಂಗಡ ಬಿಲ್ಲು

ಆ ಬಾಗಿಲಿಗೆ ಟಿಕೆಟ್ ಬಂದಿದ್ದು 2014ರ ವಲಸೆ ಕಾಯ್ದೆಯಿಂದ. ತೆರೇಸಾ ಮೇ ಆಗ ಗೃಹ ಮಂತ್ರಿ. ಈ ಕಾಯ್ದೆ, ಕಾಯಂ ವಾಸದ ಹಕ್ಕಿಲ್ಲದ ವೀಸಾದವರು ಎನ್‌ಎಚ್‌ಎಸ್ ಲೆಕ್ಕದಲ್ಲಿ 'ಸಾಮಾನ್ಯ ನಿವಾಸಿ' ಅಲ್ಲ ಅಂತು. ಲಾರ್ಡ್ ಸ್ಕಾರ್ಮನ್ ತೆರೆದ ಬಾಗಿಲನ್ನ ಪಾರ್ಲಿಮೆಂಟ್ ಒಂದೇ ಸೆಕ್ಷನ್ನಿನಲ್ಲಿ ಮುಚ್ಚಿಬಿಟ್ಟಿತು. ಬದಲಿಗೆ ಸರ್‌ಚಾರ್ಜ್. ದುಡ್ಡು ಕಟ್ಟಿ ಬನ್ನಿ, ಕಟ್ಟಿದ ಮೇಲೆ ಇಲ್ಲಿನವರ ಥರಾನೇ ಚಿಕಿತ್ಸೆ.

2015ರ ಏಪ್ರಿಲ್ 6ಕ್ಕೆ ಶುರುವಾದಾಗ ವಿದ್ಯಾರ್ಥಿಗಳಿಗೆ ವರ್ಷಕ್ಕೆ 150 ಪೌಂಡ್, ಬೇರೆಯವರಿಗೆ 200. 2019ರ ಜನವರಿಯಲ್ಲಿ ಅದು 300 ಮತ್ತು 400 ಆಯ್ತು. 2020ರ ಅಕ್ಟೋಬರ್‌ನಲ್ಲಿ 470 ಮತ್ತು 624. 2024ರ ಫೆಬ್ರವರಿ 6ರಿಂದ 776 ಮತ್ತು 1,035. ಅಂದ್ರೆ ಒಂಬತ್ತು ವರ್ಷದಲ್ಲಿ ವಿದ್ಯಾರ್ಥಿಯ ಶುಲ್ಕ ಐದು ಪಟ್ಟಿಗಿಂತ ಜಾಸ್ತಿ. ಅದೂ ವರ್ಷ ವರ್ಷ ಕಟ್ಟೋ ಹಾಗಿಲ್ಲ, ವೀಸಾದ ಪೂರ್ತಿ ಅವಧಿಯದ್ದು ಒಂದೇ ಸಲ ಮುಂಗಡ. ಒಂದು ವರ್ಷದ ಮಾಸ್ಟರ್ಸ್‌ಗೆ ಆಚೀಚೆ ತಿಂಗಳು ಸೇರಿ ವೀಸಾ ಸುಮಾರು 17 ತಿಂಗಳು ಸಿಗುತ್ತೆ. ಲೆಕ್ಕ ಒಂದೂವರೆ ವರ್ಷದ್ದು. 776ರ ದರದಲ್ಲಿ 1,164 ಪೌಂಡ್.

ನಾನು 2021ರಲ್ಲಿ ಬಂದಾಗ ಕಟ್ಟಿದ್ದು 705. ಆಗಿನ ಲೆಕ್ಕದಲ್ಲಿ ಎಪ್ಪತ್ತು ಸಾವಿರ ರೂಪಾಯಿಗೂ ಮೇಲೆ. ಓದು ಮುಗಿದ ಮೇಲೆ ಎರಡು ವರ್ಷದ ಗ್ರ್ಯಾಜುಯೇಟ್ ವೀಸಾಗೆ ಮತ್ತೆ 1,248. ಒಟ್ಟು 1,953 ಪೌಂಡ್. ಅದೇ ಹೊತ್ತಿಗೆ ವಾರಕ್ಕೆ 20 ಗಂಟೆ ಅಂಗಡಿ ಕೆಲಸ ಮಾಡಿದ್ದು, ಆಮೇಲೆ ಪೂರ್ತಿ ಕೆಲಸ ಮಾಡಿದ್ದು, ಅದರ ತೆರಿಗೆಯೂ ಅದೇ ಸರ್ಕಾರಕ್ಕೆ. ಹಾಲು ಅನ್ನ ಬಿಟ್ಟು ಕೊಂಡ ಎಷ್ಟೋ ಸಾಮಾನಿಗೆ ವ್ಯಾಟ್ ಬೇರೆ. ಬೆವನ್ ಅವರ ಎರಡನೇ ವಾದ ನೆನಪಾಯ್ತಾ?

2020ರ ಮೇ ತಿಂಗಳಲ್ಲಿ, ಕೋವಿಡ್ ಉಚ್ಛ್ರಾಯದಲ್ಲಿದ್ದಾಗ, ಎನ್‌ಎಚ್‌ಎಸ್‌ನಲ್ಲೇ ದುಡೀತಿದ್ದ ಹೊರದೇಶದ ನರ್ಸು ಡಾಕ್ಟರುಗಳೂ ಈ ಸರ್‌ಚಾರ್ಜ್ ಕಟ್ಟಬೇಕಾ ಅಂತ ದೊಡ್ಡ ಗದ್ದಲವಾಗಿ, ಬೋರಿಸ್ ಜಾನ್ಸನ್ ಅವರಿಗೆ ವಿನಾಯಿತಿ ಕೊಟ್ಟರು. ಇನ್ನು 2023ರ ಜುಲೈನಲ್ಲಿ ಡಾಕ್ಟರುಗಳೂ ಸೇರಿ ಸರ್ಕಾರಿ ನೌಕರರ ಸಂಬಳ ಏರಿಸಬೇಕಾಗಿ ಬಂದಾಗ, ಅದಕ್ಕೆ ದುಡ್ಡು ಹೊಂದಿಸೋಕೆ ವೀಸಾ ಶುಲ್ಕ ಮತ್ತು ಈ ಸರ್‌ಚಾರ್ಜ್ ಏರಿಸ್ತೀವಿ ಅಂತ ಘೋಷಿಸಿದವರು ಆಗಿನ ಪ್ರಧಾನಿ ರಿಷಿ ಸುನಕ್. ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಅವರ ಗಂಡ. ಅವರ ತಂದೆ ಎನ್‌ಎಚ್‌ಎಸ್‌ನಲ್ಲೇ ಜಿಪಿ ಆಗಿದ್ದವರು! ಅಳಿಯಂದಿರ ಮೇಲೆ ಕೋಪ ಮಾಡ್ಕೊಂಡು ಏನು ಪ್ರಯೋಜನ ಬಿಡಿ. :-)

ಸರ್‌ಚಾರ್ಜ್ ಪರವಾಗಿಯೂ ನ್ಯಾಯವಾದ ಮಾತಿದೆ. ಟ್ರೆಡಿಗರ್‌ನಲ್ಲೂ ಪುಕ್ಕಟೆ ಇರಲಿಲ್ಲ, ಎಲ್ಲರೂ ಪಾಲು ಹಾಕ್ತಿದ್ದರು. ಅಮೆರಿಕಾದಲ್ಲಿ ಓದ್ತಿರೋ ಗೆಳೆಯರು ವಿಮೆಗೆ ಕಟ್ಟೋ ದುಡ್ಡು ನೋಡಿದರೆ ನಮ್ಮದು ಎಷ್ಟೋ ವಾಸಿ, ಮೇಲೆ ಆಸ್ಪತ್ರೆಯಲ್ಲಿ ಕೋಪೇ, ಡಿಡಕ್ಟಿಬಲ್ ಅಂತ ತಲೆನೋವಿಲ್ಲ. ಆದ್ರೆ ಒಂದು ವ್ಯತ್ಯಾಸ ಇದೆ. ಟ್ರೆಡಿಗರ್‌ನಲ್ಲಿ ಸಂಬಳ ಬಂದವನು ಸಂಬಳಕ್ಕೆ ತಕ್ಕ ಹಾಗೆ ಕಟ್ಟುತ್ತಿದ್ದ. ಇಲ್ಲಿ ಬ್ಯಾಂಕ್ ಸಾಲ ಮಾಡಿ ಓದೋಕೆ ಹೊರಟವನು, ದುಡಿಯೋಕೆ ಮುಂಚೆಯೇ, ಆ ಸಾಲದ ದುಡ್ಡಿನಲ್ಲೇ ಕಟ್ಟುತ್ತಾನೆ.

ಬಿಲ್ ಕೌಂಟರ್ ಇಲ್ಲದ ಆಸ್ಪತ್ರೆ

ನನಗೆ ದುಡ್ಡಿಗಿಂತ ದೊಡ್ಡ ಸಮಸ್ಯೆ ಅನ್ನಿಸೋದು ಬೇರೆ. ಕಟ್ಟಿದ ಹಕ್ಕನ್ನ ನಮ್ಮವರು ಬಳಸೋದೇ ಇಲ್ಲ.

ನಾನು ಓದ್ತಿದ್ದಾಗ ಮನೆಯಲ್ಲಿ ನಾವು ಐದು ಜನ. ದಾವಣಗೆರೆ ಕಡೆಯ ಹುಡುಗ ಒಬ್ಬನಿಗೆ ಜ್ವರ, ಗಂಟಲು ನೋವು. ಊರಿಂದ ತಂದ ಡೋಲೋ ನುಂಗ್ತಾ ಮೂರು ದಿನ ಕಳೆದ. ನಾಲ್ಕನೇ ದಿನ ಬಾಯಿ ತೆರೆಯೋಕಾಗಲ್ಲ, ನೀರು ಇಳಿಯಲ್ಲ. "ಆಂಬುಲೆನ್ಸ್ ಬೇಡ ಕಣ್ರೋ, ಸಾವಿರಾರು ಪೌಂಡ್ ಹಾಕ್ತಾರೆ" ಅಂತ ಕಾಗದದಲ್ಲಿ ಬರೆದು ತೋರಿಸ್ತಾನೆ! ಯೂಟ್ಯೂಬಿನಲ್ಲಿ ಅಮೆರಿಕಾದ ಬಿಲ್ಲುಗಳನ್ನ ನೋಡಿ ನೋಡಿ ಬಂದ ಭಯ. ನಾವು 111ಕ್ಕೆ ಫೋನ್ ಮಾಡಿದ್ವಿ. ಹೆಸರು, ಹುಟ್ಟಿದ ದಿನ, ಉಸಿರಾಟ ಹೇಗಿದೆ ಅಂತ ಕೇಳಿ, ತಕ್ಷಣ ಆಸ್ಪತ್ರೆಗೆ ಹೋಗಿ ಅಂದರು. ಟಾನ್ಸಿಲ್ ಪಕ್ಕ ಕೀವು ತುಂಬಿತ್ತು. ತೆಗೆದು, ಎರಡು ರಾತ್ರಿ ಡ್ರಿಪ್ ಹಾಕಿ ಇಟ್ಟುಕೊಂಡರು. ಇನ್ನೂ ಒಂದು ದಿನ ತಡ ಮಾಡಿದ್ದರೆ ಉಸಿರಿಗೇ ತೊಂದರೆ ಆಗ್ತಿತ್ತು ಅಂದ್ರಂತೆ ಡಾಕ್ಟರು.

ಬಿಡುಗಡೆ ದಿನ ಅವನು ಬಿಲ್ ಕೌಂಟರ್ ಎಲ್ಲಿ ಅಂತ ಹುಡುಕಿದ. ಇರಲಿಲ್ಲ. ಆದ್ರೆ ಗೋಡೆ ಮೇಲೆ, ಎನ್‌ಎಚ್‌ಎಸ್ ಚಿಕಿತ್ಸೆ ಎಲ್ಲರಿಗೂ ಪುಕ್ಕಟೆ ಅಲ್ಲ ಅಂತ ಹೊರದೇಶದ ಸಂದರ್ಶಕರಿಗೆ ಎಚ್ಚರಿಸೋ ಪೋಸ್ಟರ್ ಇತ್ತು. ಅದನ್ನ ನೋಡಿ ಮತ್ತೆ ಎದೆ ಡವಡವ. ತಿಂಗಳುಗಟ್ಟಲೆ ಪೋಸ್ಟಿನಲ್ಲಿ ಬಿಲ್ ಬರುತ್ತೆ ಅಂತ ಕಾದ. ಬರಲಿಲ್ಲ, ಬರೋ ಹಾಗೂ ಇರಲಿಲ್ಲ. ಅವನು ಆಗಲೇ 705 ಪೌಂಡ್ ಕೊಟ್ಟಿದ್ದ!

ಬೆವನ್ ಹೇಳಿದ್ದ ಮೊದಲ ವಾದ ಇಲ್ಲೇ ನಿಜವಾಗಿದ್ದು. ದುಡ್ಡು ಕೊಡಬೇಕಾದವರನ್ನ ಹಿಡಿಯೋಕೆ 2017ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ಆಸ್ಪತ್ರೆಗಳಿಗೆ, ತುರ್ತು ಇಲ್ಲದ ಚಿಕಿತ್ಸೆಗೆ ಮುಂಚೆಯೇ ವಸೂಲಿ ಮಾಡೋ ಕಾನೂನಿನ ಹೊಣೆ ಬಂತು. ಆ ಪ್ರಶ್ನೆ, ಆ ಪೋಸ್ಟರು ಮುಟ್ಟೋದು ದುಡ್ಡು ಕಟ್ಟದವನನ್ನ ಮಾತ್ರ ಅಲ್ಲ. ಕಟ್ಟಿದವನೂ ಬಾಗಿಲಲ್ಲಿ ಹಿಂಜರೀತಾನೆ. ಸಾಲು ಸಾಲು ಕೋಡ್ ಬರೆಯೋ ನನ್ನಂಥವರ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಲಾಗಿನ್ ಪರದೆ ಎಷ್ಟು ಭಯ ಹುಟ್ಟಿಸುತ್ತೆ ಅಂದ್ರೆ ಪಾಸ್‌ವರ್ಡ್ ಇದ್ದೋನೂ ಒಳಗೆ ಬರಲ್ಲ.

ಅದಕ್ಕೇ ಫೋನ್ ಮಾಡೋರಿಗೆಲ್ಲ ನಾನು ಹೇಳೋದು ಇಷ್ಟು. ಬಂದ ಮೊದಲ ವಾರವೇ, ಆರೋಗ್ಯವಾಗಿದ್ದಾಗಲೇ, ಮನೆ ಹತ್ತಿರದ ಜಿಪಿ ಹತ್ತಿರ ಹೆಸರು ನೋಂದಾಯಿಸಿ. ಕೆಲವು ಕ್ಲಿನಿಕ್‌ಗಳಲ್ಲಿ ಪಾಸ್‌ಪೋರ್ಟ್ ಇಲ್ಲದೆ ಆಗಲ್ಲ ಅಂತಾರೆ, ಎನ್‌ಎಚ್‌ಎಸ್ ನಿಯಮದ ಪ್ರಕಾರ ಅದು ಕಡ್ಡಾಯ ಅಲ್ಲ. ಜಿಪಿಯನ್ನ ನೋಡೋಕೆ ದುಡ್ಡಿಲ್ಲ. ತುರ್ತು ವಿಭಾಗಕ್ಕಿಲ್ಲ, ಆಂಬುಲೆನ್ಸಿಗೂ ಇಲ್ಲ. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ನಲ್ಲಿ ಔಷಧಿ ಚೀಟಿಯೂ ಪುಕ್ಕಟೆ. ಇಂಗ್ಲೆಂಡಿನಲ್ಲಿ ಪ್ರತಿ ಔಷಧಿಗೆ ಶುಲ್ಕ ಇದೆ, 2024ರ ಮೇ ತಿಂಗಳಲ್ಲಿ ಅದು 9.90 ಪೌಂಡ್ ಆಯ್ತು. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಎಚ್‌ಸಿ1 ಅನ್ನೋ ಅರ್ಜಿ ಹಾಕಿ, ಒಪ್ಪಿದರೆ ಔಷಧಿ, ಹಲ್ಲು, ಕಣ್ಣಿನ ಪರೀಕ್ಷೆಗಳಿಗೂ ವಿನಾಯಿತಿ ಸಿಗುತ್ತೆ. ಹೊರದೇಶದ ವಿದ್ಯಾರ್ಥಿಗಳೂ ಹಾಕಬಹುದು, ವೀಸಾಗೆ ಏನೂ ತೊಂದರೆ ಇಲ್ಲ. 25 ವರ್ಷದ ಒಳಗಿನ ಹೊಸ ವಿದ್ಯಾರ್ಥಿಗಳು ಮೆನಿಂಜೈಟಿಸ್ ಲಸಿಕೆ ಕೇಳಿ ಹಾಕಿಸಿಕೊಳ್ಳಿ. ಮನಸ್ಸಿಗೆ ಹುಷಾರಿಲ್ಲ ಅಂದ್ರೂ ಅದೇ ಜಿಪಿ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಕತ್ತಲಾಗೋ ಊರಿದು, ಅದಕ್ಕೆ ನಾಚಿಕೊಳ್ಳೋ ಅವಶ್ಯಕತೆ ಇಲ್ಲ.

ಕಾಯಬೇಕಾಗುತ್ತೆ, ಅದು ಖಂಡಿತ. ಜಿಪಿ ಪ್ಯಾರಾಸಿಟಮಾಲ್ ತಗೊಳ್ಳಿ ಅಂತ ವಾಪಸ್ ಕಳಿಸ್ತಾರೆ ಅನ್ನೋ ಜೋಕು ಸುಳ್ಳಲ್ಲ. ಎನ್‌ಎಚ್‌ಎಸ್ ಹಲ್ಲಿನ ಡಾಕ್ಟರು ಸಿಗೋದು ಕಷ್ಟ, ನಮ್ಮಲ್ಲಿ ಬಹಳ ಜನ ಹಲ್ಲುನೋವನ್ನ ಬೆಂಗಳೂರಿನವರೆಗೆ ಕಾಪಾಡಿಕೊಂಡು ಹೋಗ್ತಾರೆ! ಆದ್ರೂ ಜೀವಕ್ಕೆ ಬಂದಾಗ ಈ ವ್ಯವಸ್ಥೆ ನಿಂತುಕೊಳ್ಳುತ್ತೆ, ಅದನ್ನ ನಾನು ಕಣ್ಣಾರೆ ಕಂಡಿದ್ದೀನಿ.

ಈ ಇಡೀ ಚರಿತ್ರೆಯಲ್ಲಿ ಒಂದೇ ಒಂದು ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರ್ತಾ ಇದೆ ಅನ್ಸುತ್ತೆ: ಓದೋಕೆ ಬಂದವನು ಅತಿಥಿಯಾ, ಈ ಊರಿನವನಾ? ರಾಮಾನುಜನ್ ಕಾಲದಲ್ಲಿ ಆ ಪ್ರಶ್ನೆಯನ್ನ ಯಾರೂ ಕೇಳಲೇ ಇಲ್ಲ. ಬೆವನ್, ಯಾರಾದರೇನು ಅಂದರು. ಸ್ಕಾರ್ಮನ್, ಸದ್ಯಕ್ಕೆ ಈ ಊರಿನವನೇ ಅಂದರು. 2014ರ ಪಾರ್ಲಿಮೆಂಟು, ಅತಿಥಿ, ಆದ್ರೆ ದುಡ್ಡು ಕಟ್ಟಿದ ಅತಿಥಿ ಅಂತು. ಶುಲ್ಕ ನಾಳೆ ಇನ್ನೂ ಏರಬಹುದು, ನಿಯಮ ಮತ್ತೆ ಬದಲಾಗಬಹುದು, ಅದು ನಮ್ಮ ಕೈಯಲ್ಲಿಲ್ಲ. ಹಾಸಿಗೆ ಹಿಡಿಯೋಕೆ ಮುಂಚೆ ಫೋನ್ ಎತ್ತಿಕೊಳ್ಳೋದು ಮಾತ್ರ ನಮ್ಮ ಕೈಯಲ್ಲಿದೆ. ನಿಮ್ಮ ಪರಿಚಯದವರು ಯಾರಾದರೂ ಈ ಕಡೆ ಹೊರಟಿದ್ದರೆ, ಚಟ್ನಿಪುಡಿ ಕಟ್ಟಿಕೊಡುವಾಗ ಈ ಮಾತನ್ನೂ ಕಟ್ಟಿಕೊಡಿ.